ಆನೆ ಕಾಸಿನ ಕಿಲುಬು

ಹೋದ ತಿಂಗಳು ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಹಿತ್ತಲಲ್ಲಿ ಕೂತು ಪೂಜೆಯ ತಾಮ್ರದ ಚೊಂಬು ಉಜ್ಜುತ್ತಿದ್ದಳು. ಹುಣಸೆಹಣ್ಣು, ಕಲ್ಲುಪ್ಪು. ತಾಮ್ರಕ್ಕೆ ಹುಳಿ ತಾಗಿದಾಗ ಒಂದು ವಾಸನೆ ಏಳುತ್ತದೆ, ನಾಲಿಗೆಯ ಮೇಲೆ ಹಳೆಯ ಕಾಸು ಇಟ್ಟುಕೊಂಡ ಹಾಗೆ. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಕಾಳೆಲ್ಲ ಸಿಪ್ಪೆಯ ಮೊರದಲ್ಲಿ, ಸಿಪ್ಪೆಯೆಲ್ಲ ಕಾಳಿನ ಪಾತ್ರೆಯಲ್ಲಿ. ಕಂಡಕ್ಟರ್ ಅಣ್ಣ ನೆನಪಾಗಿದ್ದರು.

ಅವರ ಹೆಸರು ನನಗೆ ಗೊತ್ತು. ಆದರೆ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಅವರು ಕಂಡಕ್ಟರ್ ಅಣ್ಣನೇ.

ಅದು ದೇವನಹಳ್ಳಿಯಲ್ಲಿ 'ವಿಮಾನ ನಿಲ್ದಾಣ ಬರುತ್ತಂತೆ' ಎನ್ನುವ ಮಾತು ನಿಂತು, 'ಬಂದೇ ಬಿಡ್ತು' ಎನ್ನಲು ಶುರುವಾದ ಕಾಲ. ನನಗಾಗ ಇಪ್ಪತ್ತಾರು. ಪೋಲಿಯೊದಿಂದ ಎಡಗಾಲು ಸಣ್ಣದಾಗಿತ್ತು. ಆ ಕಾಲಿನ ದೆಸೆಯಿಂದಲೇ ಬಸ್ ನಿಲ್ದಾಣದ ಮೂಲೆಯಲ್ಲಿ ನನಗೊಂದು ಫೋನ್ ಬೂತು ಸಿಕ್ಕಿತ್ತು. ಒಳಗೆ ಒಂದು ಎಸ್‌ಟಿಡಿ ಫೋನು, ಹೊರಗೆ ಗೋಡೆಗೆ ಎರಡು ಕಾಯಿನ್ ಬಾಕ್ಸು. ಒಂದು ರೂಪಾಯಿ ಹಾಕಿದರೆ ಒಂದು ನಿಮಿಷ ಮಾತು, ನಿಮಿಷ ಮುಗಿಯುವ ಮುಂಚೆ 'ಕೀಂ' ಎಂದು ಸದ್ದು, ಇನ್ನೊಂದು ರೂಪಾಯಿ ಹಾಕದಿದ್ದರೆ ಮಾತು ಅಲ್ಲಿಗೇ ಕಡಿತ. ಜಮೀನು ಕೊಡಿಸುವ ದಲ್ಲಾಳಿಗಳು ಸಾಲು ನಿಲ್ಲುತ್ತಿದ್ದರು. ಯಾವ ಸರ್ವೆ ನಂಬರು ಹೋಯಿತು, ಯಾವುದು ಉಳಿಯಿತು ಎಂದು ಕಿರುಚುತ್ತಿದ್ದರು. ಅವರು ಮಾತಾಡಿ ಮುಗಿಸುವಷ್ಟರಲ್ಲಿ ನನ್ನ ಡಬ್ಬಿ ತುಂಬುತ್ತಿತ್ತು.

ಕಂಡಕ್ಟರ್ ಅಣ್ಣನಿಗೆ ಬೇಕಿದ್ದದ್ದು ಆ ಚಿಲ್ಲರೆ. ದೊಡ್ಡಬಳ್ಳಾಪುರದಿಂದ ಹೊಸಕೋಟೆಗೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಅವರು ಇಪ್ಪತ್ತು ವರ್ಷದಿಂದ ಇದ್ದರು. ಮಧ್ಯಾಹ್ನ ನಮ್ಮಲ್ಲಿ ಅರ್ಧ ಗಂಟೆ ಬಸ್ಸು ನಿಲ್ಲುತ್ತಿತ್ತು. ಡ್ರೈವರು ಟೀ ಕುಡಿಯಲು ಹೋದರೆ ಇವರು ಚರ್ಮದ ಚೀಲ ಹೆಗಲಿಗೇರಿಸಿಕೊಂಡು ನನ್ನ ಬೂತಿಗೆ ಬರುತ್ತಿದ್ದರು. ನೋಟು ಕೊಟ್ಟು ಚಿಲ್ಲರೆ ತೆಗೆದುಕೊಳ್ಳಬೇಕು, ಹೋಗಬೇಕು. ಆದರೆ ಅವರು ಹಾಗೆ ಮಾಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದೊಂದೇ ನಾಣ್ಯವನ್ನು ಎತ್ತಿ, ಬೆಳಕಿಗೆ ವಾಲಿಸಿ ನೋಡುತ್ತಿದ್ದರು. ಮೊದಲ ಸಲ ನನಗೆ ಸಿಟ್ಟು ಬಂತು.

"ಖೋಟಾ ಏನೂ ಕೊಡಲ್ಲ ಅಣ್ಣ ನಾನು."

"ಅಯ್ಯೋ ಅದಲ್ಲ ಕಣಮ್ಮ. ಇಲ್ನೋಡು, ಇಸವಿ ಕೆಳಗೆ ಏನೈತೆ?"

ಏನೂ ಕಾಣಲಿಲ್ಲ ನನಗೆ. ಅವರು ತಮ್ಮ ಜೇಬಿನ ಸಣ್ಣ ಭೂತಗನ್ನಡಿ ಕೊಟ್ಟರು. ಇಸವಿಯ ಕೆಳಗೆ ಸಾಸಿವೆಗಿಂತ ಚಿಕ್ಕದಾದ ಒಂದು ನಕ್ಷತ್ರ ಇತ್ತು. ನಕ್ಷತ್ರ ಇದ್ದರೆ ಹೈದರಾಬಾದಿನ ಟಂಕಸಾಲೆ, ವಜ್ರದಾಕಾರ ಇದ್ದರೆ ಮುಂಬಯಿ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತಾ. ಒಂದೇ ವರ್ಷದ, ಒಂದೇ ಮುಖದ ರೂಪಾಯಿ. ಒಂದು ಕಡೆ ಕೋಟಿಗಟ್ಟಲೆ ಹೊಡೆದಿರುತ್ತಾರೆ, ಇನ್ನೊಂದು ಕಡೆ ಸ್ವಲ್ಪವೇ ಹೊಡೆದು ನಿಲ್ಲಿಸಿರುತ್ತಾರೆ. ಆ ಸ್ವಲ್ಪವನ್ನು ಹುಡುಕುವವರು ಇದ್ದಾರೆ ಎಂದು ನನಗೆ ಗೊತ್ತಾದದ್ದು ಆವತ್ತು. ಹಾಗೆ ಯಾವುದಾದರೂ ಸಿಕ್ಕಿದರೆ ಅವರು ತಮ್ಮ ಅಂಗಿಯ ಜೇಬಿನಿಂದ ಬೇರೆ ರೂಪಾಯಿ ತೆಗೆದು ಡಬ್ಬಿಗೆ ಹಾಕಿ, ಅದನ್ನು ತಾವಿಟ್ಟುಕೊಳ್ಳುತ್ತಿದ್ದರು.

ಅಲ್ಲಿಂದ ಮೂರು ವರ್ಷ, ಆ ಅರ್ಧ ಗಂಟೆ ನನಗೆ ಪಾಠ. ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವಳು. ಕುಂಟುತ್ತಾಳೆ ಎಂದು ನೋಡುವವರೇ ಹೆಚ್ಚಿದ್ದ ಆ ನಿಲ್ದಾಣದಲ್ಲಿ, ಇವಳಿಗೆ ಏನಾದರೂ ತಿಳಿಯುತ್ತದೆ ಎಂದುಕೊಂಡು ನನ್ನೊಡನೆ ಮಾತಾಡಿದವರು ಅವರೊಬ್ಬರೇ.

ಹಳೆಯದಾದರೆ ಬೆಲೆ ಎನ್ನುವುದು ಸುಳ್ಳು ಎಂದು ಅವರು ಹೇಳುತ್ತಿದ್ದರು. ಎರಡು ಸಾವಿರ ವರ್ಷದ ಸೀಸದ ಕಾಸುಗಳು ಕೆಲವು ಹಿಡಿಗಟ್ಟಲೆ ಸಿಗುತ್ತವೆ, ಕೇಳುವವರಿಲ್ಲ. ಮೊನ್ನೆ ಮೊನ್ನೆಯ ಎರಡು ರೂಪಾಯಿಗೆ ಜನ ಮುಗಿಬೀಳುತ್ತಾರೆ. "ಎಷ್ಟು ಹುಟ್ಟಿದ್ವು, ಎಷ್ಟು ಉಳ್ಕೊಂಡವೆ, ಹೆಂಗೆ ಉಳ್ಕೊಂಡವೆ. ಇಷ್ಟೇ ಕಣಮ್ಮ." ಅದರಲ್ಲೂ ಹೆಂಗೆ ಉಳಿದಿದೆ ಎನ್ನುವುದರ ಮೇಲೇ ಅವರಿಗೆ ಹೆಚ್ಚು ಪ್ರೀತಿ. ನಾಣ್ಯದಲ್ಲಿ ಎತ್ತರವಾಗಿರುವ ಜಾಗ ಮೊದಲು ಸವೆಯುತ್ತದೆ. ರಾಜನ ಮುಖವಿದ್ದರೆ ಕೆನ್ನೆ, ಕಿವಿಯ ಮೇಲಿನ ಕೂದಲು. ಸಿಂಹವಿದ್ದರೆ ಎದೆ. ಅಪರೂಪದ್ದೇ ಆಗಿದ್ದರೂ ಮುಖ ಸವೆದಿದ್ದರೆ ಅರ್ಧಕ್ಕರ್ಧ ಹೋಯಿತು. ಗೀರು ಬಿದ್ದರೆ, ತೂತು ಮಾಡಿ ಕೊರಳಿಗೆ ಕಟ್ಟಿದ್ದರೆ ಮುಗಿದೇ ಹೋಯಿತು. ಎಲ್ಲಕ್ಕಿಂತ ಮೇಲೆ, ಟಂಕಸಾಲೆಯಿಂದ ಬಂದಾಗಿನ ಹೊಳಪು. ಆ ಹೊಳಪು ಹಾಗೇ ಇದ್ದರೆ ಅದಕ್ಕೆ ಸಮ ಯಾವುದೂ ಇಲ್ಲ. ಒಂದು ಹೊಸ ಐದು ರೂಪಾಯಿಯನ್ನು ಅಂಚಿನಲ್ಲಿ ಹಿಡಿದು ತಿರುಗಿಸಿ, ಬೆಳಕು ಅದರ ಮೇಲೆ ಗಾಲಿಯ ಹಾಗೆ ಓಡುವುದನ್ನು ತೋರಿಸಿದ್ದರು. ಮೇಲೆ ಕೆಳಗೆ ಬೆರಳಿಟ್ಟು ಹಿಡಿಯಬಾರದು, ಬೆವರು ತಿನ್ನುತ್ತದೆ ಎಂದೂ ಹೇಳಿದ್ದರು.

ಹೊಳಪಿನ ವಿಷಯ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೂತದ್ದು ತಪ್ಪಾಗಿ...

ಅವರ ಊರು ವಿಮಾನ ನಿಲ್ದಾಣದ ಕಡೆಯ ಒಂದು ಸಣ್ಣ ಹಳ್ಳಿ. ಅದೂ ಹೋಯಿತು. ಬೇರೆ ಕಡೆ ಸೈಟು ಕೊಟ್ಟಿದ್ದರು, ಮನೆ ಇನ್ನೂ ಎದ್ದಿರಲಿಲ್ಲ. ಹಳೆಯ ಮನೆಯ ತೊಲೆ, ಬಾಗಿಲು ಬಿಚ್ಚಿಕೊಂಡು ಹೋಗಲು ಅಣ್ಣ ತಮ್ಮಂದಿರೆಲ್ಲ ಸೇರಿದ್ದರಂತೆ. ಹೊಸಿಲು ಎತ್ತಿದಾಗ ಅದರ ಕೆಳಗೆ ಕರಿದಾಗಿ ಪುಡಿಯಾಗಿದ್ದ ನವಧಾನ್ಯದ ನಡುವೆ ಒಂದು ತಾಮ್ರದ ಕಾಸು ಸಿಕ್ಕಿತು. ಸುಲ್ತಾನರ ಕಾಲದ ಆನೆ ಕಾಸು. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಊರಿನ ಹೆಸರು. ನಮ್ಮ ಕಡೆ ಆನೆ ಕಾಸು ಹೊಸದೇನಲ್ಲ, ಉಳುವಾಗ ಸಿಗುತ್ತಲೇ ಇರುತ್ತವೆ. ಅವರ ಬಳಿಯೇ ಹನ್ನೆರಡು ಇದ್ದವು, ಎಲ್ಲ ಸವೆದು ಆನೆಯೋ ಎಮ್ಮೆಯೋ ತಿಳಿಯದಂಥವು. ಆದರೆ ಇದರ ಹಿಂದೆ ಬರೆದಿದ್ದ ಊರು ಬೇರೆ. ಅವರು ಆ ಅಕ್ಷರಗಳನ್ನು ಪುಸ್ತಕದಲ್ಲಿ ಹುಡುಕಿ, ನಮ್ಮ ಪಕ್ಕದ ವಿಜಯಪುರದ ಮಸೀದಿಯ ಹಿರಿಯರೊಬ್ಬರ ಹತ್ತಿರ ಓದಿಸಿಕೊಂಡು ಬಂದಿದ್ದರು. ಬಹಳ ಕಡಿಮೆ ಕಾಸು ಹೊಡೆದ ಟಂಕಸಾಲೆ ಅದು. ಮನೆ ಕಟ್ಟಿದ ಯಾವ ಹಿರೀಕನೋ ಹೊಸ ಕಾಸನ್ನೇ ಹೊಸಿಲಿಗೆ ಇಟ್ಟಿದ್ದ. ಯಾರ ಕೈಗೂ ಹೋಗದೆ ಅದು ಉಳಿದುಕೊಂಡಿತ್ತು. ಆನೆಯ ದಂತ, ಕಾಲಿನ ಉಗುರು, ಬಾಲದ ತುದಿಯ ಕೂದಲು ಎಲ್ಲವೂ ಇದ್ದವು.

ಅದನ್ನು ಅಂಚಿನಲ್ಲಿ ಹಿಡಿದು ನನಗೆ ತೋರಿಸಿದರು. ನಾನು ನೋಡಿದೆ. ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಪ್ಪು, ಅಲ್ಲಲ್ಲಿ ಪಾಚಿಯಂಥ ಹಸಿರು. ಕಿಲುಬು ಹಿಡಿದಿದೆ ಎಂದುಕೊಂಡೆ.

ಅಷ್ಟರಲ್ಲಿ ಬಸ್ಸು ನಿಲ್ಲುವ ಮಾತು ಬಂದಿತ್ತು. ರಸ್ತೆ ಅಗಲವಾಗುತ್ತದೆ, ದೊಡ್ಡ ಬಸ್ಸುಗಳು ಬರುತ್ತವೆ ಎಂದು ಮಾಲೀಕರು ಪರ್ಮಿಟ್ಟು ಮಾರಲು ನೋಡುತ್ತಿದ್ದರು. ಕಂಡಕ್ಟರ್ ಅಣ್ಣ ಹೆದರಲಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಬ್ಬ ಹಳೆಯ ನಾಣ್ಯದ ವ್ಯಾಪಾರಿ ಇದ್ದರು, ಮನೆತನದ ವ್ಯಾಪಾರ. ಅಣ್ಣ ಆ ಕಾಸಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ, ಅಚ್ಚು ತೆಗೆದು ಅವರಿಗೆ ತೋರಿಸಿದ್ದರು. ವ್ಯಾಪಾರಿ ಬಹಳ ಹೊತ್ತು ನೋಡಿ, ಅಂಗಡಿಗೆ ಬಂದು ಸೇರಿಕೊಳ್ಳಿ, ಹಳ್ಳಿಗಳ ಕಡೆ ಹೋಗಿ ನಾಣ್ಯ ನೋಡಿ ತರಲು ನಿಮ್ಮಂಥ ಕಣ್ಣಿರುವವರು ಬೇಕು ಎಂದಿದ್ದರಂತೆ. ಮುಂದಿನ ತಿಂಗಳು ನಾಣ್ಯ ಪ್ರದರ್ಶನ ಇದೆ, ಕಾಸನ್ನು ಅಲ್ಲಿಗೆ ತನ್ನಿ, ಕಣ್ಣಾರೆ ನೋಡಿ ಮಾತು ಮುಗಿಸೋಣ ಎಂದೂ ಹೇಳಿದ್ದರು.

"ನೀನೂ ಬರ್ಬೇಕು ಕಣಮ್ಮ. ನಿಂಗೆ ಎಲ್ಲಾ ತೋರಿಸ್ತೀನಿ" ಎಂದರು ಅಣ್ಣ.

ಆಗ ಅವರ ಸಂಸಾರ ದೇವನಹಳ್ಳಿಯಲ್ಲೇ ನೆಂಟರ ಮನೆಯ ಎರಡು ಕೋಣೆಯಲ್ಲಿತ್ತು. ಮಕ್ಕಳು ಮರಿ ಎಲ್ಲದಕ್ಕೂ ಕೈ ಹಾಕುತ್ತಾರೆ ಎಂದು ಆನೆ ಕಾಸುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಸುತ್ತಿ ನನಗೆ ಕೊಟ್ಟರು. ಪ್ರದರ್ಶನದ ದಿನದವರೆಗೆ ಇಟ್ಟುಕೊಂಡಿರು ಎಂದರು. ನನ್ನನ್ನು ನಂಬಿ ಯಾರೂ ಅಂಥದ್ದೇನನ್ನೂ ಕೊಟ್ಟಿರಲಿಲ್ಲ. ಡಬ್ಬಿಯನ್ನು ಮನೆಗೆ ತಂದು ದೇವರ ಗೂಡಿನಲ್ಲಿಟ್ಟೆ.

ಪ್ರದರ್ಶನದ ಹಿಂದಿನ ದಿನ ಭಾನುವಾರ, ಬೂತಿಗೆ ರಜೆ. ಅವರಿಗೆ ಏನಾದರೂ ಮಾಡಬೇಕು ಅನ್ನಿಸಿತು. ಹೊಳಪು ಇದ್ದರೆ ಅದಕ್ಕೆ ಸಮ ಯಾವುದೂ ಇಲ್ಲ ಎಂದು ಅವರೇ ಹೇಳಿದ್ದರಲ್ಲ... ಹುಣಸೆಹಣ್ಣು ನೆನೆಹಾಕಿದೆ. ಉಪ್ಪು, ಒಲೆಯ ಬೂದಿ. ಹಳೆಯ ಹಲ್ಲುಜ್ಜುವ ಬ್ರಷ್ಷು. ಹಿತ್ತಲ ಕಲ್ಲಿನ ಮೇಲೆ ಕೂತು ಹದಿಮೂರನ್ನೂ ಉಜ್ಜಿದೆ. ಹೊಸಿಲಿನ ಕೆಳಗೆ ಸಿಕ್ಕಿದ್ದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ, ಹಸಿರು ಬೇಗ ಹೋಗಲಿಲ್ಲ. ಕಡೆಗೆ ಹೋಯಿತು. ಆನೆ ಹೊಸ ತಾಮ್ರದ ಬಿಂದಿಗೆಯ ಹಾಗೆ ಕೆಂಪಗೆ ಹೊಳೆಯಿತು. ಅಮ್ಮ ನೋಡಿ, "ಚಿನ್ನ ಇದ್ದಂಗೈತೆ" ಎಂದರು. ನನ್ನ ಬೆರಳಿನ ತುದಿಗಳು ಹುಳಿಗೆ ಸುಲಿದು ಉರಿಯುತ್ತಿದ್ದವು. ಅಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಡಬ್ಬಿ ಕೊಟ್ಟೆ. ಅವರು ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದರು. ಚರ್ಮದ ಚೀಲ ಇಲ್ಲದೆ ಅವರನ್ನು ನೋಡಿದ್ದು ಆವತ್ತೇ ಮೊದಲು. ಮುಚ್ಚಳ ತೆಗೆದು ಹತ್ತಿ ಸರಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಾಸನ್ನು ಅಂಚಿನಲ್ಲಿ ಹಿಡಿದು ಎತ್ತಿ ಒಂದು ಸಲ ತಿರುಗಿಸಿದರು, ಮತ್ತೆ ಹತ್ತಿಯೊಳಗಿಟ್ಟರು.

"ಎರಡು ಗಂಟೆ ಉಜ್ಜಿದೀನಿ ಅಣ್ಣ" ಎಂದೆ.

ಅವರು ನನ್ನ ಕೈ ನೋಡಿದರು.

"ಕೈ ಸುಲ್ಕೊಂಡೈತಲ್ಲಮ್ಮ. ಎಣ್ಣೆ ಹಚ್ಕೊಳ್ಳೋದಲ್ವಾ?"

ಅಷ್ಟೇ ಅವರು ಹೇಳಿದ್ದು. ಹೆಬ್ಬಾಳದವರೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಿಟಕಿಯ ಹೊರಗೆ ಉದ್ದಕ್ಕೂ ರಸ್ತೆ ಅಗೆದಿದ್ದರು, ಕೆಂಪು ಧೂಳು ಒಳಗೆ ಬರುತ್ತಿತ್ತು. ಕೆಲಸದ ಬಗ್ಗೆ ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡೆ.

ಅದು ದೊಡ್ಡ ಸಭಾಂಗಣ. ಮೇಜುಗಳ ಸಾಲು, ಗಾಜಿನ ಕೆಳಗೆ ನಾಣ್ಯಗಳು, ಬಗ್ಗಿ ನೋಡುವ ಜನ. ಚಿಕ್ಕಪೇಟೆಯ ವ್ಯಾಪಾರಿ ಬಿಳಿ ಮೀಸೆಯ ಹಿರಿಯರು. ಅಣ್ಣನನ್ನು ನೋಡಿ ಎದ್ದು ನಿಂತು ಕುರ್ಚಿ ಕೊಟ್ಟರು, ನನಗೂ ಒಂದು ಹಾಕಿಸಿದರು. ಮಖಮಲ್ಲಿನ ತುಂಡಿನ ಮೇಲೆ ಕಾಸನ್ನು ಇಟ್ಟುಕೊಂಡು ಕಣ್ಣಿಗೆ ಭೂತಗನ್ನಡಿ ಹಿಡಿದರು. ಮೊದಲು ಅಕ್ಷರ, ಆಮೇಲೆ ಆನೆ. ಆಮೇಲೆ ಭೂತಗನ್ನಡಿ ಕೆಳಗಿಟ್ಟರು.

"ನಲವತ್ತು ವರ್ಷದಲ್ಲಿ ಈ ಟಂಕಸಾಲೆದು ಮೂರು ನೋಡಿದೀನಿ. ಇಷ್ಟು ಚೂಪಾಗಿರೋ ಆನೆ ನೋಡಿಲ್ಲ" ಎಂದರು. ಕಾಸನ್ನು ಬೆಳಕಿಗೆ ವಾಲಿಸಿ ಕೇಳಿದರು: "ಯಾರ್ರೀ ಇದನ್ನ ಉಜ್ಜಿದ್ದು?"

ಆಗ ನನಗೆ ತಿಳಿಯಿತು. ಹೇಗೆ ತಿಳಿಯಿತು ಎಂದು ಹೇಳಲಾರೆ. ಅವರ ದನಿಯಿಂದ ಇರಬೇಕು, ಅಳುವ ಮಗುವನ್ನು ತೋರಿಸಿ ಯಾರು ಹೊಡೆದದ್ದು ಎಂದು ಕೇಳಿದ ಹಾಗಿತ್ತು.

"ನಾನೇ ಸಾರ್" ಎಂದರು ಕಂಡಕ್ಟರ್ ಅಣ್ಣ.

"ನೀವಾ? ಇನ್ನೂರು ವರ್ಷ ಕೂತಿದ್ದ ಬಣ್ಣ ಕಣ್ರೀ ಅದು. ಅದೇ ಅದರ ಚರ್ಮ. ನೋಡಿ, ಬ್ರಷ್ಷಿನ ಗೀರು ಮೈಯೆಲ್ಲಾ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಾಗ್ಲಿಲ್ಲ ಸಾರ್."

"ಬಿಟ್ರೆ ಮತ್ತೆ ಕಪ್ಪಾಗುತ್ತೆ. ಆದ್ರೆ ಅದು ಬೇರೆ ಕಪ್ಪು. ನೋಡಿದೋರಿಗೆ ಗೊತ್ತಾಗುತ್ತೆ."

ನಾನು ಅಲ್ಲೇ ಇದ್ದೆ, ಒಂದು ಮೊಳ ದೂರದ ಕುರ್ಚಿಯಲ್ಲಿ. ಸುಲಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. 'ಅವರಲ್ಲ, ನಾನು' ಎಂದು ಹೇಳಲು ಒಂದು ಉಸಿರು ಸಾಕಿತ್ತು. ತಿಳಿಯದೆ ಒಂದು ಹೆಣ್ಣು ಮಾಡಿದ್ದು ಎಂದು ವ್ಯಾಪಾರಿ ನಕ್ಕು ಬಿಡುತ್ತಿದ್ದರು. ನಾಣ್ಯ ಹೋದರೂ ಅಣ್ಣನ ಕೆಲಸ ಉಳಿಯುತ್ತಿತ್ತು. ಇದೆಲ್ಲ ನನಗೆ ಆಗಲೇ ಹೊಳೆದಿತ್ತು. ಬಾಯಿ ತೆರೆಯಲಿಲ್ಲ. ನಾಲಿಗೆ ಮರಗಟ್ಟಿತ್ತು ಎಂದರೆ ನೆಪವಾಗುತ್ತದೆ.

ವ್ಯಾಪಾರಿ ಕಾಸನ್ನು ಮಖಮಲ್ಲಿನ ಸಮೇತ ಅಣ್ಣನ ಕಡೆಗೆ ಸರಿಸಿದರು. ಬೇಕಾದರೆ ತೆಗೆದುಕೊಳ್ಳುತ್ತೇನೆ ಎಂದು ಒಂದು ಬೆಲೆ ಹೇಳಿದರು, ಸವೆದ ಕಾಸಿಗೆ ಕೊಡುವ ಬೆಲೆ. ಅಣ್ಣ ಬೇಡ ಎಂದರು. ಅಂಗಡಿಗೆ ಸೇರುವ ಮಾತನ್ನು ಅವರಾಗಿ ಎತ್ತಲಿಲ್ಲ. ವ್ಯಾಪಾರಿಯೇ, "ಆ ವಿಚಾರ ಆಮೇಲೆ ನೋಡೋಣ" ಎಂದು ಪಕ್ಕದವರ ಕಡೆ ತಿರುಗಿಕೊಂಡರು. ನಾಣ್ಯ ಉಜ್ಜುವವನ ಕೈಗೆ ಯಾವ ವ್ಯಾಪಾರಿ ನಾಣ್ಯ ಕೊಡುತ್ತಾನೆ?

ಆಮೇಲೂ ಅಣ್ಣ ನನಗೆ ಹೇಳಿದಂತೆ ಎಲ್ಲವನ್ನೂ ತೋರಿಸಿದರು. ಒಂದೊಂದು ಮೇಜಿನ ಮುಂದೆಯೂ ನಿಂತು ಇದು ಇಂಥದ್ದು, ಇದರ ಬೆಲೆ ಯಾಕೆ ಹೆಚ್ಚು ಎಂದು ವಿವರಿಸಿದರು. ನನ್ನ ಕಾಲು ನೋಯುತ್ತದೆ ಎಂದು ನಡುನಡುವೆ ಕೂರಿಸಿದರು. ಮಧ್ಯಾಹ್ನ ಹೋಟೆಲಿನಲ್ಲಿ ಅನ್ನ ಸಾರು ಉಂಡೆವು. ಅವರು ಎರಡನೇ ಸಲ ಸಾರು ಹಾಕಿಸಿಕೊಂಡರು. ನಾನೂ ಉಂಡೆ. ಹೇಗೆ ಇಳಿಯಿತೋ, ಇಳಿಯಿತು.

ವಿಮಾನಗಳು ಹಾರಲು ಶುರುವಾದ ವರ್ಷವೇ ಅವರ ಬಸ್ಸು ನಿಂತಿತು. ಕಂಡಕ್ಟರ್ ಅಣ್ಣ ವಿಮಾನ ನಿಲ್ದಾಣದಲ್ಲಿ ಗುತ್ತಿಗೆದಾರನ ಕೆಳಗೆ ಸಾಮಾನಿನ ತಳ್ಳುಗಾಡಿಗಳನ್ನು ಕೂಡಿಸಿ ತಳ್ಳುವ ಕೆಲಸಕ್ಕೆ ಸೇರಿದರು. ಅವರ ಊರಿದ್ದ ಕಡೆಯೇ. ಒಂದೆರಡು ಸಲ ನೀಲಿ ಸಮವಸ್ತ್ರದಲ್ಲಿ ಬೂತಿಗೆ ಬಂದಿದ್ದರು. ಒಂದು ಸಲ ಧೈರ್ಯ ಮಾಡಿ, "ಅಣ್ಣ, ಆವತ್ತು ನಾನು..." ಎಂದೆ.

"ಬೂತು ಹೆಂಗ್ ನಡೀತೈತಮ್ಮ? ಎಲ್ರೂ ಮೊಬೈಲ್ ಇಟ್ಕೊಂಡ್ಬಿಟ್ರಲ್ಲ" ಎಂದು ಅವರು ಮಾತು ತಿರುಗಿಸಿದರು.

ಇನ್ನೊಂದು ದಿನ ಚಿಕ್ಕಪೇಟೆಯ ಅಂಗಡಿಗೆ ನಾನೇ ಫೋನು ಮಾಡಿದೆ. ಪ್ರದರ್ಶನದ ದಿನ ಅವರ ಮೇಜಿನಿಂದ ತೆಗೆದುಕೊಂಡಿದ್ದ ಕಾರ್ಡು ನನ್ನ ಬಳಿ ಇತ್ತು. ನನ್ನದೇ ಕಾಯಿನ್ ಬಾಕ್ಸಿಗೆ ನನ್ನದೇ ರೂಪಾಯಿ ಹಾಕಿದೆ. ಹಿರಿಯರೇ ಎತ್ತಿ ಹಲೋ ಎಂದರು. ಯಾರು, ಯಾರು ಬೇಕು ಎಂದು ಕೇಳಿದರು. ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಅವರು ಇಡದೆ ಸ್ವಲ್ಪ ಕಾದರು, ಪಾಪ. 'ಕೀಂ' ಎಂದಿತು. ಇನ್ನೊಂದು ರೂಪಾಯಿ ಕೈಯಲ್ಲೇ ಇತ್ತು. ಹಾಕಲಿಲ್ಲ.

ಅದಾದ ಎರಡು ವರ್ಷಕ್ಕೆ ಬೂತು ಮುಚ್ಚಿದೆ. ಹೊಲಿಗೆ ಕಲಿತೆ, ಅಮ್ಮ ಹೋದರು, ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದೆ. ಅಣ್ಣ ಎಲ್ಲಿದ್ದಾರೆ ಎಂದು ಹುಡುಕಿದರೆ ಸಿಗದಂಥ ದೂರವೇನಲ್ಲ, ಹತ್ತು ಹನ್ನೆರಡು ಕಿಲೋಮೀಟರು. ಹುಡುಕಲಿಲ್ಲ.

ಈ ತಿಂಗಳ ಮೊದಲ ವಾರ ತಮ್ಮನ ಅತ್ತೆಯವರು ಕಾಶಿಗೆ ಹೊರಟರು, ವಿಮಾನದಲ್ಲಿ. ಕಳಿಸಲು ಎಲ್ಲರೂ ಹೋದೆವು. ಅವರೆಲ್ಲ ಬಾಗಿಲ ಬಳಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ತಳ್ಳುಗಾಡಿಗಳ ಉದ್ದನೆಯ ಸಾಲನ್ನು ತಳ್ಳಿಕೊಂಡು ನಡುವಯಸ್ಸಿನವರೊಬ್ಬರು ಬಂದರು. ನಿಲ್ಲಿಸಿ ಕೇಳಿದೆ, ಮೊದಲು ಬಸ್ ಕಂಡಕ್ಟರ್ ಆಗಿದ್ದವರು ಇಲ್ಲಿದ್ದರಲ್ಲ ಎಂದು.

"ಕಾಸು ನೋಡೋ ಅಣ್ಣನಾ?" ಎಂದರು ಅವರು. "ತೀರ್ಕೊಂಡು ಆರು ವರ್ಷ ಆಯ್ತಲ್ಲಮ್ಮ. ಎದೆ ನೋವು. ಡ್ಯೂಟಿ ಮುಗ್ಸಿ ಮನೆಗೆ ಹೋಗಿ ಮಲಗಿದ್ರಂತೆ."

ನಾನು ಹೌದಾ ಎಂದೆ. ಅವರ ನಾಣ್ಯಗಳು ಏನಾದವು ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಮನೇಲಿ ಯಾರಿಗೆ ಗೊತ್ತಾಗ್ಬೇಕಮ್ಮ ಅದು. ಡಬ್ಬಿಗಟ್ಟಲೆ ಇತ್ತಂತೆ. ಓಡೋ ಕಾಸು ಖರ್ಚು ಮಾಡಿದ್ರು. ಮಿಕ್ಕಿದ್ದು ತಾಮ್ರ ಬೇರೆ, ಹಿತ್ತಾಳೆ ಬೇರೆ ಮಾಡಿ ತೂಕಕ್ಕೆ ಗುಜರಿಗೆ ಹಾಕಿದ್ರು."

ಆಗ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ, ಹೆಸರೂ ಗೊತ್ತಿಲ್ಲದ ಒಬ್ಬರಿಗೆ. ಅದರಲ್ಲಿ ಒಂದು ಆನೆ ಕಾಸಿತ್ತು, ಅದನ್ನು ಉಜ್ಜಿ ಕೆಡಿಸಿದವಳು ನಾನು, ಅಣ್ಣ ಅದನ್ನು ತಮ್ಮ ಮೇಲೆ ಹಾಕಿಕೊಂಡರು, ಅದರಿಂದ ಅವರಿಗೆ ಸಿಗಬೇಕಿದ್ದ ಕೆಲಸ ಹೋಯಿತು ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಹಿಂದೆ ಯಾರೋ ಗಾಡಿ ಬೇಕೆಂದು ಕರೆಯುತ್ತಿದ್ದರು.

"ಇರ್ಲಿ ಬಿಡಮ್ಮ. ಒಂದು ಕಾಸು ತಾನೇ" ಎಂದರು, ಸಮಾಧಾನ ಮಾಡುವ ಹಾಗೆ. ಗಾಡಿಗಳ ಸಾಲು ಕಿರ್ರೆಂದು ಮುಂದೆ ಹೋಯಿತು.

ಸಂಜೆ ಮನೆಗೆ ಬಂದು ಒಬ್ಬರ ರವಿಕೆ ಕೊಡುವುದಿತ್ತು, ಅದಕ್ಕೆ ಕೊಕ್ಕೆ ಹಾಕಿದೆ. ಊಟ ಮಾಡಿದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಈಗ ಎರಡು ವಾರವಾಯಿತು. ಆರು ವರ್ಷದಿಂದ ಅವರಿಲ್ಲ, ಅದು ಗೊತ್ತಿಲ್ಲದೆ ನಾನು ಆರು ವರ್ಷ ಹೊಲಿಯುತ್ತ ಕೂತಿದ್ದೆ. ಅವರು ಬದುಕಿದ್ದಾಗ ಹತ್ತು ಹನ್ನೆರಡು ಕಿಲೋಮೀಟರು ಹೋಗಿ ಹೇಳಬಹುದಾಗಿತ್ತು. ಹೇಳಿದ್ದರೆ ಅವರು ಏನನ್ನುತ್ತಿದ್ದರು ಎಂದು ಯೋಚಿಸಿ ನೋಡುತ್ತೇನೆ. ಅವರ ದನಿ ಹೇಗಿತ್ತೆಂದೇ ಈಗ ಸರಿಯಾಗಿ ನೆನಪಾಗುವುದಿಲ್ಲ.